ದವಡೆಯ ಸಿಸ್ಟ್: ನೋವು ಬರುವ ಮೊದಲೇ ಕಂಡುಹಿಡಿಯುವುದು ಹೇಗೆ?

ಹುಟ್ಟಿನಿಂದಲೇ ದೇಹದಲ್ಲಿ ಗಡ್ಡೆಗಳು ಬೆಳೆಯುವ ಪ್ರವೃತ್ತಿಯನ್ನು ತರುವ ವಂಶವಾಹಿ ಕಾಯಿಲೆಗಳ ಬಗ್ಗೆ ಬಂದ ಪತ್ರಗಳಲ್ಲಿ ದವಡೆಗೆ ಸಂಬಂಧಿಸಿದವನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಚ್ಚಿನ ಪತ್ರಗಳು ಚರ್ಮದ ಕ್ಯಾನ್ಸರ್ ಮತ್ತು ದವಡೆಯ ಸಿಸ್ಟ್ (ಮೂಳೆಯೊಳಗಿನ ಚೀಲ) ತರುವ ಗೋರ್ಲಿನ್ ಸಿಂಡ್ರೋಮ್ ಕುರಿತಾದವು. ಒಬ್ಬ ಓದುಗರು ಕೇಳಿರುವುದು ಬೇರೆಯದೇ ಕಾಯಿಲೆಯ ಬಗ್ಗೆ. ಅದಕ್ಕೆ ಕೊನೆಯಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಪತಿಗೆ ಗೋರ್ಲಿನ್ ಸಿಂಡ್ರೋಮ್ ಇದೆ. ಮುಖ ಮತ್ತು ಬೆನ್ನಿನ ಚರ್ಮದಲ್ಲಿ ಬೇಸಲ್ ಸೆಲ್ ಕ್ಯಾನ್ಸರ್ ಆಗಿ ಹಲವು ಬಾರಿ ತೆಗೆಸಿಕೊಂಡಿದ್ದಾರೆ. ಹರೆಯದಲ್ಲಿ ದವಡೆಗೂ ಶಸ್ತ್ರಚಿಕಿತ್ಸೆ ಆಗಿತ್ತು. ಈಗ ನಮ್ಮ ಒಂಬತ್ತು ವರ್ಷದ ಮಗಳಿಗೆ ವಂಶವಾಹಿ ಪರೀಕ್ಷೆ ಮಾಡಿಸಿದಾಗ ಅದೇ ದೋಷ ಅವಳಲ್ಲೂ ಇರುವುದು ತಿಳಿಯಿತು. ಹಲ್ಲಿನ ವೈದ್ಯರು ಬಾಯಿ ನೋಡಿ, ಹಲ್ಲುಗಳು ಚೆನ್ನಾಗಿವೆ, ನೋವು ಬಂದರೆ ಕರೆದುಕೊಂಡು ಬನ್ನಿ ಎಂದರು. ಹಾಗೆ ಕಾಯಬಹುದೇ?

ಉತ್ತರ: ಕಾಯಬಾರದು. ವೈದ್ಯರು ಹಲ್ಲುಗಳ ಬಗ್ಗೆ ಹೇಳಿದ್ದು ಸರಿಯೇ ಇರಬಹುದು. ಆದರೆ ನಿಮ್ಮ ಮಗಳ ವಿಷಯದಲ್ಲಿ ನೋಡಬೇಕಾದ ಜಾಗ ಹಲ್ಲಿನ ಬೇರುಗಳ ಸುತ್ತಲಿನ ಮೂಳೆ, ಮತ್ತು ಅದು ಬಾಯಿ ತೆರೆಸಿ ನೋಡಿದರೆ ಕಾಣುವಂಥದ್ದಲ್ಲ.

ಗೋರ್ಲಿನ್ ಸಿಂಡ್ರೋಮ್‌ನಲ್ಲಿ ದವಡೆಯೊಳಗೆ ಬೆಳೆಯುವುದು ಕೆರಟೋಸಿಸ್ಟ್ ಎಂಬ ಚೀಲ. ಹಲ್ಲು ಮೂಡುವ ಕಾಲದಲ್ಲಿ ಮೂಳೆಯೊಳಗೆ ಉಳಿದುಹೋದ ಜೀವಕೋಶಗಳ ಎಳೆಗಳಿಂದ ಅದು ಹುಟ್ಟುತ್ತದೆ, ಮತ್ತು ಅದರೊಳಗೆ ಕೆರಟಿನ್ ಎಂಬ ಬಿಳಿಯ, ಗಿಣ್ಣಿನಂತೆ ಪುಡಿಯಾಗುವ ವಸ್ತು ತುಂಬಿಕೊಳ್ಳುತ್ತದೆ. ಈ ಸಿಂಡ್ರೋಮ್ ಇರುವವರಲ್ಲಿ ಬಹುಪಾಲು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಇಂಥ ಸಿಸ್ಟ್ ಆಗುತ್ತದೆ. ಹೆಚ್ಚಾಗಿ ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನಲ್ಲಿ, ಕೆಲವೊಮ್ಮೆ ಅದಕ್ಕೂ ಮೊದಲು, ಮತ್ತು ಒಂದೇ ಅಲ್ಲ, ಒಟ್ಟಿಗೆ ಎರಡು, ಮೂರು, ಇನ್ನೂ ಹೆಚ್ಚು. ಸಿಂಡ್ರೋಮ್ ಇಲ್ಲದವರಿಗೂ ಕೆರಟೋಸಿಸ್ಟ್ ಆಗುವುದುಂಟು, ಆದರೆ ಅವರಲ್ಲಿ ಅದು ಸಾಮಾನ್ಯವಾಗಿ ಒಂಟಿಯಾಗಿರುತ್ತದೆ ಮತ್ತು ತಡವಾಗಿ ಬರುತ್ತದೆ.

ನೋವನ್ನು ನಂಬಿ ಕೂರಬಾರದು ಎನ್ನುವುದಕ್ಕೆ ಕಾರಣ ಈ ಸಿಸ್ಟ್ ಬೆಳೆಯುವ ರೀತಿಯಲ್ಲಿದೆ. ಬೇರೆ ಸಿಸ್ಟ್‌ಗಳು ಮೂಳೆಯನ್ನು ಹೊರಕ್ಕೆ ಉಬ್ಬಿಸುತ್ತವೆ. ಆಗ ಕೆನ್ನೆ ಊದಿದ್ದು ಮನೆಯವರಿಗೇ ಕಾಣುತ್ತದೆ. ಕೆರಟೋಸಿಸ್ಟ್ ಮಾತ್ರ ದವಡೆಯ ಒಳಗಿನ ಮೃದು ಮೂಳೆಯನ್ನು ಕರಗಿಸುತ್ತ, ಉದ್ದಕ್ಕೆ ಹಿಂದೆ ಮುಂದೆ ಹರಡುತ್ತದೆ. ಕೆಳದವಡೆಯ ಮೂಲೆಯಿಂದ ಹಿಡಿದು ಮುಂದಿನ ಹಲ್ಲುಗಳವರೆಗೆ ಟೊಳ್ಳಾಗಿದ್ದರೂ ಮುಖದ ಆಕಾರ ಬದಲಾಗದೇ ಇರಬಹುದು. ನೋವು ಬರುವುದು ಬಹುಮಟ್ಟಿಗೆ ಸೋಂಕು ತಗುಲಿದ ಮೇಲೆ. ಹಾಗಾಗಿ ನೋವನ್ನು ಈ ಸಿಸ್ಟ್‌ನ ಮೊದಲ ಲಕ್ಷಣ ಎನ್ನುವುದಕ್ಕಿಂತ ತಡವಾದ ಲಕ್ಷಣ ಎನ್ನುವುದೇ ಸರಿ. ಅಷ್ಟು ಹೊತ್ತಿಗೆ ಶಾಶ್ವತ ಹಲ್ಲಿನ ಮೊಗ್ಗುಗಳು ಜಾಗ ಬಿಟ್ಟು ಸರಿದಿರಬಹುದು, ಕೆಳದವಡೆಯ ನರ ಒತ್ತಿಹೋಗಿರಬಹುದು, ಮೂಳೆ ಸಣ್ಣ ಪೆಟ್ಟಿಗೂ ಮುರಿಯುವಷ್ಟು ತೆಳುವಾಗಿರಬಹುದು.

ಆದ್ದರಿಂದ ಈ ಕಾಯಿಲೆಯಲ್ಲಿ ದವಡೆಯನ್ನು ಲಕ್ಷಣ ನೋಡಿಕೊಂಡು ಪರೀಕ್ಷಿಸುವುದಿಲ್ಲ, ಕ್ಯಾಲೆಂಡರ್ ನೋಡಿಕೊಂಡು ಪರೀಕ್ಷಿಸುತ್ತಾರೆ. ಪಿಟಿಸಿಎಚ್1 ವಂಶವಾಹಿಯಲ್ಲಿ ದೋಷವಿರುವ ಮಕ್ಕಳಿಗೆ ಸುಮಾರು 8ನೇ ವಯಸ್ಸಿನಿಂದ ಪ್ರತಿ 12ರಿಂದ 18 ತಿಂಗಳಿಗೊಮ್ಮೆ ಪೂರ್ತಿ ದವಡೆಯ ಎಕ್ಸ್-ರೇ, ಅಂದರೆ ಒಪಿಜಿ, ತೆಗೆಸಬೇಕೆಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಸಲಹೆ. ನಿಮ್ಮ ಮಗಳಿಗೆ ಒಂಬತ್ತಾಗಿದೆ. ಮೊದಲ ಒಪಿಜಿ ಈಗಲೇ ಆಗಲಿ. ಅದರಲ್ಲಿ ಏನೂ ಕಾಣದಿದ್ದರೆ ಆ ಚಿತ್ರವೇ ಮುಂದಿನ ಚಿತ್ರಗಳನ್ನು ಹೋಲಿಸಿ ನೋಡಲು ಆಧಾರವಾಗುತ್ತದೆ, ಆದ್ದರಿಂದ ಅದರ ಪ್ರತಿಯನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ವೈದ್ಯರು ಬದಲಾದರೂ ಹಳೆಯ ಚಿತ್ರ ಕೈಯಲ್ಲಿರುವುದು ಬಹಳ ಮುಖ್ಯ.

ಇನ್ನೊಂದು ವಿಷಯವನ್ನು ವರದಿಯಲ್ಲಿ ನೋಡಿಕೊಳ್ಳಿ. ಗೋರ್ಲಿನ್ ಸಿಂಡ್ರೋಮ್ ಹೆಚ್ಚಾಗಿ ಪಿಟಿಸಿಎಚ್1 ವಂಶವಾಹಿಯ ದೋಷದಿಂದ ಬಂದರೂ ಕೆಲವು ಕುಟುಂಬಗಳಲ್ಲಿ ಎಸ್‌ಯುಎಫ್‌ಯು ಎಂಬ ಬೇರೆ ವಂಶವಾಹಿಯಲ್ಲಿ ದೋಷವಿರುತ್ತದೆ. ಅಂಥವರಲ್ಲಿ ದವಡೆಯ ಸಿಸ್ಟ್ ಅಪರೂಪ, ಆದರೆ ಎಳೆಯ ಮಕ್ಕಳಲ್ಲಿ ಮೆಡುಲೊಬ್ಲಾಸ್ಟೋಮಾ ಎಂಬ ಮೆದುಳಿನ ಗಡ್ಡೆಯ ಅಪಾಯ ಹೆಚ್ಚು. ನಿಮ್ಮ ಪತಿಗೆ ದವಡೆಯ ಶಸ್ತ್ರಚಿಕಿತ್ಸೆ ಆಗಿರುವುದನ್ನು ನೋಡಿದರೆ ನಿಮ್ಮ ಕುಟುಂಬದಲ್ಲಿರುವುದು ಪಿಟಿಸಿಎಚ್1 ಇರಬೇಕೆಂದು ಊಹಿಸಬಹುದಾದರೂ, ಊಹೆಯ ಮೇಲೆ ಪರೀಕ್ಷೆಗಳ ಪಟ್ಟಿ ಮಾಡಬಾರದು; ವರದಿಯನ್ನು ಆನುವಂಶಿಕ ಸಮಾಲೋಚಕರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಗೋರ್ಲಿನ್ ಸಿಂಡ್ರೋಮ್ ಇರುವವರಿಗೆ ವಿಕಿರಣ ಒಳ್ಳೆಯದಲ್ಲ ಎಂದು ಓದಿದ್ದೇನೆ. ಹಾಗಿದ್ದ ಮೇಲೆ ಮಕ್ಕಳಿಗೆ ವರ್ಷ ವರ್ಷ ದವಡೆಯ ಎಕ್ಸ್-ರೇ ತೆಗೆಸುವುದು ಎಷ್ಟು ಸರಿ?

ಉತ್ತರ: ನೀವು ಓದಿರುವುದು ನಿಜ, ಮತ್ತು ಪ್ರಶ್ನೆ ನ್ಯಾಯವಾದದ್ದು. ಈ ಸಿಂಡ್ರೋಮ್ ಇರುವವರಿಗೆ ಬೇರೆ ಯಾವುದೋ ಗಡ್ಡೆಗಾಗಿ ವಿಕಿರಣ ಚಿಕಿತ್ಸೆ ಕೊಟ್ಟರೆ, ವಿಕಿರಣ ಬಿದ್ದ ಚರ್ಮದ ಮೇಲೆ ಕೆಲವೇ ವರ್ಷಗಳಲ್ಲಿ ಬೇಸಲ್ ಸೆಲ್ ಕ್ಯಾನ್ಸರ್‌ಗಳು ಗುಂಪುಗುಂಪಾಗಿ ಏಳುತ್ತವೆ. ಆದ್ದರಿಂದ ಬೇರೆ ದಾರಿ ಇರುವವರೆಗೆ ಅವರಿಗೆ ವಿಕಿರಣ ಚಿಕಿತ್ಸೆ ಕೊಡುವುದಿಲ್ಲ. ಆದರೆ ಚಿಕಿತ್ಸೆಯ ವಿಕಿರಣಕ್ಕೂ ರೋಗಪತ್ತೆಯ ಎಕ್ಸ್-ರೇಗೂ ಪ್ರಮಾಣದಲ್ಲಿ ಅಜಗಜಾಂತರವಿದೆ. ಈಗಿನ ಡಿಜಿಟಲ್ ಒಪಿಜಿಯಲ್ಲಿ ದೇಹಕ್ಕೆ ತಗಲುವುದು ಸಾಮಾನ್ಯವಾಗಿ ಸುಮಾರು 0.02 ಮಿಲಿಸೀವರ್ಟ್‌ನಷ್ಟು ವಿಕಿರಣ. ನೆಲ, ಗಾಳಿ, ಆಕಾಶದಿಂದ ಪ್ರತಿಯೊಬ್ಬ ಮನುಷ್ಯನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್‌ನಷ್ಟು ಸ್ವಾಭಾವಿಕ ವಿಕಿರಣ ತಗಲುತ್ತಲೇ ಇರುತ್ತದೆ. ಲೆಕ್ಕ ಹಾಕಿದರೆ ಒಂದು ಒಪಿಜಿ ಸುಮಾರು ಮೂರು ದಿನಗಳ ಸ್ವಾಭಾವಿಕ ವಿಕಿರಣಕ್ಕೆ ಸಮ. ತಲೆಯ ಸಿಟಿ ಸ್ಕ್ಯಾನ್ ಇದರ ನೂರು ಪಟ್ಟಿನ ಆಸುಪಾಸಿನಲ್ಲಿದೆ.

ಹಾಗೆಂದು ಎಕ್ಸ್-ರೇಯನ್ನು ಲಘುವಾಗಿ ತೆಗೆದುಕೊಳ್ಳಬೇಕೆಂದಲ್ಲ. ನನ್ನ ಅಭಿಪ್ರಾಯದಲ್ಲಿ ಈ ಮಕ್ಕಳ ವಿಷಯದಲ್ಲಿ ನಿಜವಾಗಿ ತಪ್ಪುವುದು ಯೋಜನೆಯ ಪ್ರಕಾರ ತೆಗೆಸುವ ಒಪಿಜಿಯಿಂದಲ್ಲ. ಒಬ್ಬ ವೈದ್ಯರು ತೆಗೆಸಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ, ಹಲ್ಲಿಗೆ ತಂತಿ ಹಾಕಲು ಒಂದು, ಹಲ್ಲುನೋವಿಗೆ ಒಂದು, ಬಿದ್ದು ಪೆಟ್ಟಾದಾಗ ಒಂದು ಸಿಟಿ ಎಂದು ಬೇರೆಬೇರೆ ಕಡೆ ಯೋಚಿಸದೆ ಬರೆದುಕೊಡುವ ಚಿತ್ರಗಳಿಂದ. ಮಗುವಿನ ಕಾಯಿಲೆಯ ಹೆಸರನ್ನು ಪ್ರತಿ ವೈದ್ಯರಿಗೂ ಮೊದಲೇ ಹೇಳಿ. ಎಂಆರ್‌ಐ ಲಭ್ಯವಿದ್ದು ಮಗು ಅಲ್ಲಾಡದೆ ಮಲಗಬಲ್ಲದಾದರೆ ಅದು ಒಳ್ಳೆಯ ಪರ್ಯಾಯ. ಅದರಲ್ಲಿ ವಿಕಿರಣವೇ ಇಲ್ಲ, ಸಿಸ್ಟ್‌ನೊಳಗಿನ ವಸ್ತು ಕೂಡ ಒಂದಿಷ್ಟು ತಿಳಿಯುತ್ತದೆ. ಮೆದುಳಿಗಾಗಿ ಹೇಗೂ ಎಂಆರ್‌ಐ ಮಾಡಿಸುವ ಮಕ್ಕಳಿಗೆ ಅದೇ ಸಲ ದವಡೆಯನ್ನೂ ಸೇರಿಸಿ ನೋಡುವಂತೆ ಕೇಳಬಹುದು. ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಕೋನ್ ಬೀಮ್ ಸಿಟಿಯನ್ನು ಪ್ರತಿವರ್ಷದ ತಪಾಸಣೆಗೆ ಬಳಸಬಾರದು. ಸಿಸ್ಟ್ ಸಿಕ್ಕಿ ಶಸ್ತ್ರಚಿಕಿತ್ಸೆ ನಿಶ್ಚಯವಾದ ಮೇಲೆ ನರ ಎಲ್ಲಿದೆ, ಮೂಳೆಯ ಗೋಡೆ ಎಲ್ಲಿ ತೂತಾಗಿದೆ ಎಂದು ತಿಳಿಯಲು ಅದು ಬೇಕಾಗುತ್ತದೆ.

ಪ್ರಶ್ನೆ: ನಾನು ದಂತವೈದ್ಯೆ. ಈ ಸಿಂಡ್ರೋಮ್ ಇರುವ ಹುಡುಗನೊಬ್ಬ ನನ್ನ ಬಳಿ ತಪಾಸಣೆಗೆ ಬರಲಿದ್ದಾನೆ. ಒಪಿಜಿಯಲ್ಲಿ ಆರಂಭದ ಹಂತದ ಸಿಸ್ಟ್ ಕಣ್ತಪ್ಪದಂತೆ ಯಾವುದರ ಮೇಲೆ ಗಮನವಿಡಬೇಕು?

ಉತ್ತರ: ದೊಡ್ಡ ಸಿಸ್ಟ್ ಯಾರ ಕಣ್ಣಿಗೂ ಬೀಳುತ್ತದೆ: ಕಪ್ಪು ಜಾಗ, ಸುತ್ತ ಬಿಳಿಯ ತೆಳು ಗೆರೆ, ಅಂಚು ಕೆಲವೊಮ್ಮೆ ಹೂವಿನ ಎಸಳಿನಂತೆ ಬಾಗಿಬಾಗಿ. ತಪ್ಪಿಹೋಗುವುದು ಚಿಕ್ಕದು. ಮಗುವಿನ ಒಪಿಜಿಯಲ್ಲಿ ಹಾಲುಹಲ್ಲು, ಬೆಳೆಯುತ್ತಿರುವ ಶಾಶ್ವತ ಹಲ್ಲು, ಪ್ರತಿ ಮೊಗ್ಗಿನ ಸುತ್ತ ಸಹಜವಾಗಿಯೇ ಇರುವ ಕಪ್ಪು ಕವಚ, ಇವೆಲ್ಲ ಒಂದರ ಮೇಲೊಂದು ಬಿದ್ದಿರುವುದರಿಂದ ಚಿಕ್ಕ ಸಿಸ್ಟ್ ಆ ಗದ್ದಲದಲ್ಲಿ ಸುಲಭವಾಗಿ ಅಡಗಿಕೊಳ್ಳುತ್ತದೆ.

ಮೊದಲು ಕೆಳದವಡೆಯ ಹಿಂಭಾಗವನ್ನು ನೋಡಿ. ಎರಡನೆಯ ದವಡೆಹಲ್ಲಿನ ಹಿಂದಿನಿಂದ, ಬುದ್ಧಿಹಲ್ಲಿನ ಮೊಗ್ಗು ಇರಬೇಕಾದ ಜಾಗವನ್ನು ದಾಟಿ, ದವಡೆ ಮೇಲಕ್ಕೆ ತಿರುಗುವ ಕೊಂಬಿನವರೆಗೆ ಎಡಬಲ ಎರಡೂ ಕಡೆ ಒಂದೇ ರೀತಿ ಇದೆಯೇ ಎಂದು ಹೋಲಿಸಿ. ಕೆರಟೋಸಿಸ್ಟ್‌ಗಳ ಅತಿ ಸಾಮಾನ್ಯ ನೆಲೆ ಅದು. ಆನಂತರ ಮೇಲ್ದವಡೆ. ಸಿಂಡ್ರೋಮ್ ಇಲ್ಲದವರಿಗಿಂತ ಇವರಲ್ಲಿ ಮೇಲ್ದವಡೆಯ ಸಿಸ್ಟ್ ಹೆಚ್ಚು, ಆದರೆ ಅಲ್ಲಿ ಗಾಳಿ ತುಂಬಿದ ಸೈನಸ್ ತಾನೇ ಕಪ್ಪಾಗಿ ಕಾಣುವುದರಿಂದ ಒಪಿಜಿ ಅಷ್ಟು ನಂಬಿಕೆಗೆ ಅರ್ಹವಲ್ಲ. ಸೈನಸ್‌ನ ನೆಲದ ಬಿಳಿಯ ಗೆರೆ ಎಲ್ಲಾದರೂ ತುಂಡಾಗಿದೆಯೇ, ಮೇಲಕ್ಕೆ ತಳ್ಳಲ್ಪಟ್ಟಿದೆಯೇ ಎಂಬುದನ್ನು ಬೆರಳಿಟ್ಟು ಅನುಸರಿಸಿದಂತೆ ನೋಡಬೇಕು. ಮುಂದಿನ ಹಲ್ಲುಗಳ ಭಾಗದಲ್ಲಿ ಕತ್ತಿನ ಮೂಳೆಯ ನೆರಳು ಬೀಳುವುದರಿಂದ ಅಲ್ಲಿಯೂ ಸಂಶಯವಿದ್ದರೆ ಚಿಕ್ಕ ಎಕ್ಸ್-ರೇ ಬೇಕಾದೀತು.

ಹಲ್ಲುಗಳೇ ಕೊಡುವ ಸೂಚನೆಗಳನ್ನು ಮಾತ್ರ ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ. ಒಂದು ಕಡೆಯ ಕೋರೆಹಲ್ಲು ಬಂದು ಇನ್ನೊಂದು ಕಡೆಯದು ವರ್ಷವಾದರೂ ಬರದಿರುವುದು, ಪಕ್ಕದ ಹಲ್ಲುಗಳ ಬೇರುಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಅಗಲವಾಗಿರುವುದು, ಹಾಲುಹಲ್ಲು ಬೀಳುವ ವಯಸ್ಸು ಮೀರಿದರೂ ಭದ್ರವಾಗಿ ನಿಂತಿರುವುದು, ಕೆಳದವಡೆಯ ನರದ ಕಾಲುವೆ ಒಂದೆಡೆ ಕೆಳಕ್ಕೆ ಬಾಗಿರುವುದು. ಇವುಗಳಲ್ಲಿ ಯಾವುದಾದರೂ ಕಂಡಾಗ ಕಪ್ಪು ಜಾಗ ಸ್ಪಷ್ಟವಾಗಿ ಕಾಣದಿದ್ದರೂ ಚಿತ್ರವನ್ನು ಮುಖ ಮತ್ತು ದವಡೆಯ ರೇಡಿಯಾಲಜಿ ತಜ್ಞರಿಗೆ ಕಳುಹಿಸಿ. ಬಾರದ ಹಲ್ಲಿನ ತಲೆಯ ಸುತ್ತ ಕಪ್ಪು ಜಾಗವಿದ್ದರೆ ಅದನ್ನು ನೋಡಿದ ತಕ್ಷಣ ಡೆಂಟಿಜೆರಸ್ ಸಿಸ್ಟ್ ಎಂದು ಬರೆಯುವ ರೂಢಿ ನಮ್ಮಲ್ಲಿದೆ. ಈ ಹುಡುಗನ ವಿಷಯದಲ್ಲಿ ಆ ರೂಢಿಯನ್ನು ಬದಿಗಿಡಿ. ಹಾಗೆಯೇ ಬೇರಿನ ತುದಿಯಲ್ಲಿ ಕಪ್ಪು ಜಾಗ ಕಂಡರೆ ಬೇರುನಾಳ ಚಿಕಿತ್ಸೆಗೆ ಕೈ ಹಾಕುವ ಮೊದಲು ಹಲ್ಲಿಗೆ ಜೀವವಿದೆಯೇ ಎಂದು ಪರೀಕ್ಷಿಸಿ. ಕೆರಟೋಸಿಸ್ಟ್‌ನ ಪಕ್ಕದ ಹಲ್ಲು ಸಾಮಾನ್ಯವಾಗಿ ಜೀವಂತವಾಗಿಯೇ ಇರುತ್ತದೆ.

ಕೊನೆಯ ತೀರ್ಮಾನ ಬಯಾಪ್ಸಿಯದ್ದು. ಆರೆಂಟು ಕೋಶಗಳಷ್ಟೇ ದಪ್ಪದ ಒಳಪದರ, ಅಲೆಅಲೆಯಾದ ಮೇಲ್ಮೈ, ತಳದಲ್ಲಿ ಬೇಲಿಯ ಗೂಟಗಳಂತೆ ಸಾಲಾಗಿ ನಿಂತ ಕೋಶಗಳು ಸೂಕ್ಷ್ಮದರ್ಶಕದಲ್ಲಿ ಕಂಡರೆ ಕೆರಟೋಸಿಸ್ಟ್ ಎಂದು ಖಚಿತ. ಸೋಂಕಾದ ಸಿಸ್ಟ್‌ನಲ್ಲಿ ಈ ಲಕ್ಷಣಗಳು ಅಳಿಸಿಹೋಗುವುದರಿಂದ, ಮಾದರಿ ಕಳುಹಿಸುವಾಗ ಕೋರಿಕೆಯ ಚೀಟಿಯಲ್ಲಿ ಸಿಂಡ್ರೋಮ್‌ನ ಹೆಸರನ್ನು ಬರೆಯಲು ಮರೆಯಬೇಡಿ.

ಪ್ರಶ್ನೆ: ಹದಿನಾಲ್ಕು ವರ್ಷದ ನನ್ನ ತಮ್ಮನಿಗೆ ಹಲ್ಲಿಗೆ ತಂತಿ ಹಾಕಿಸುವ ಮುನ್ನ ತೆಗೆದ ಎಕ್ಸ್-ರೇಯಲ್ಲಿ ಕೆಳದವಡೆಯ ಎರಡೂ ಕಡೆ ಸಿಸ್ಟ್ ಕಂಡು, ತೆಗೆಸಿದ ಮೇಲೆ ಕೆರಟೋಸಿಸ್ಟ್ ಎಂದು ವರದಿ ಬಂತು. ನಮ್ಮ ಮನೆತನದಲ್ಲಿ ಯಾರಿಗೂ ಇಂಥ ಕಾಯಿಲೆ ಇಲ್ಲ. ಗಾಯ ವಾಸಿಯಾಗಿದೆ. ಇನ್ನೇನಾದರೂ ಮಾಡಿಸಬೇಕೇ?

ಉತ್ತರ: ಮಾಡಿಸಬೇಕು. ಇಪ್ಪತ್ತು ವರ್ಷದೊಳಗೆ ಕೆರಟೋಸಿಸ್ಟ್ ಆಗುವುದು ಗೋರ್ಲಿನ್ ಸಿಂಡ್ರೋಮ್‌ನ ಪ್ರಮುಖ ಮಾನದಂಡಗಳಲ್ಲಿ ಒಂದು, ಅದರಲ್ಲೂ ಒಂದಕ್ಕಿಂತ ಹೆಚ್ಚು ಇದ್ದರೆ ಸಂಶಯ ಇನ್ನೂ ಬಲವಾಗುತ್ತದೆ. ಮನೆತನದಲ್ಲಿ ಇಲ್ಲವೆಂಬುದು ಕಾಯಿಲೆ ಇಲ್ಲವೆಂಬುದಕ್ಕೆ ಸಾಕ್ಷಿಯಾಗದು. ಸುಮಾರು ಐದರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ದೋಷ ಅವರಲ್ಲೇ ಹೊಸದಾಗಿ ಹುಟ್ಟಿಕೊಂಡಿರುತ್ತದೆ. ತಂದೆ ಅಥವಾ ತಾಯಿಯಲ್ಲಿ ಅದು ತೀರ ಮೆಲ್ಲನೆಯ ರೂಪದಲ್ಲಿದ್ದು ಯಾರೂ ಗುರುತಿಸದೇ ಇರುವುದೂ ಉಂಟು.

ಈ ಸಿಂಡ್ರೋಮ್ ಅನ್ನು ಚರ್ಮರೋಗತಜ್ಞ ರಾಬರ್ಟ್ ಗೋಲ್ಟ್ಜ್ ಅವರೊಡನೆ 1960ರಲ್ಲಿ ವಿವರಿಸಿದ ಅಮೆರಿಕದ ರಾಬರ್ಟ್ ಗೋರ್ಲಿನ್ ಸ್ವತಃ ದಂತವಿಜ್ಞಾನಿ. ಚರ್ಮದ ಕಾಯಿಲೆಯೆಂದು ಹೆಸರಾದ ಇದರ ಮೊದಲ ಸುಳಿವು ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಸಿಗುವುದೇ ಹೆಚ್ಚು ಎಂಬುದನ್ನು ನೋಡಿದಾಗ ಅದು ಕೇವಲ ಆಕಸ್ಮಿಕವೆನಿಸುವುದಿಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ ಚರ್ಮ ಬಹುಶಃ ಸ್ವಚ್ಛವಾಗಿಯೇ ಇರುತ್ತದೆ, ಆದರೆ ದವಡೆ ಆಗಲೇ ಮಾತನಾಡಿರುತ್ತದೆ.

ನಿಮ್ಮ ತಮ್ಮನ ಅಂಗೈ ಅಂಗಾಲುಗಳನ್ನು ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಿ ನೋಡಿದರೆ, ಗುಂಡುಸೂಜಿಯ ತಲೆಯಷ್ಟು ಚಿಕ್ಕ ಕುಳಿಗಳಿದ್ದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಅದೂ ಒಂದು ಪ್ರಮುಖ ಲಕ್ಷಣ. ತಲೆಯ ಸುತ್ತಳತೆ ಎತ್ತರಕ್ಕೆ ಹೋಲಿಸಿದರೆ ದೊಡ್ಡದಾಗಿರುವುದು, ಎದೆಯ ಎಕ್ಸ್-ರೇಯಲ್ಲಿ ಪಕ್ಕೆಲುಬಿನ ತುದಿ ಕವಲೊಡೆದಿರುವುದು, ತಲೆಯೊಳಗೆ ಮೆದುಳಿನ ಎರಡು ಭಾಗಗಳ ನಡುವಿನ ಪೊರೆಯಲ್ಲಿ ಚಿಕ್ಕ ವಯಸ್ಸಿಗೇ ಸುಣ್ಣ ಕಟ್ಟಿರುವುದು, ಇವು ಇತರ ಗುರುತುಗಳು. ಇದನ್ನೆಲ್ಲ ಮನೆಯಲ್ಲೇ ತೀರ್ಮಾನಿಸಲು ಹೊರಡಬೇಡಿ; ವೈದ್ಯಕೀಯ ತಳಿಶಾಸ್ತ್ರ ತಜ್ಞರನ್ನು ಕಂಡು ವಂಶವಾಹಿ ಪರೀಕ್ಷೆ ಮಾಡಿಸಿ. ದೋಷ ಖಚಿತವಾದರೆ ತಂದೆತಾಯಿಯರೂ ನೀವೂ ಪರೀಕ್ಷೆಗೆ ಒಳಗಾಗುವುದು ಒಳ್ಳೆಯದು, ಏಕೆಂದರೆ ದೋಷವಿರುವ ವ್ಯಕ್ತಿಯ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ.

ಪ್ರಶ್ನೆ: ನನಗೆ ಈ ಸಿಂಡ್ರೋಮ್ ಇದೆ. ದವಡೆಯ ಸಿಸ್ಟ್ ತೆಗೆಸಿ ಹನ್ನೊಂದು ವರ್ಷವಾಯಿತು. ಮೊದಲ ಐದು ವರ್ಷ ತಪ್ಪದೆ ತೋರಿಸಿದೆ, ಆಮೇಲೆ ಬಿಟ್ಟೆ. ಇತ್ತೀಚೆಗೆ ಅದೇ ಕಡೆ ಬಾಯಿಯಲ್ಲಿ ಆಗಾಗ ಉಪ್ಪುಪ್ಪಾದ ರುಚಿ ಬರುತ್ತದೆ. ಇಷ್ಟು ವರ್ಷಗಳ ಮೇಲೂ ಮರುಕಳಿಸಬಹುದೇ?

ಉತ್ತರ: ಮರುಕಳಿಸಬಹುದು. ಹೆಚ್ಚಿನ ಮರುಕಳಿಕೆಗಳು ಮೊದಲ ಐದು ವರ್ಷಗಳಲ್ಲೇ ಆದರೂ ಹತ್ತು ವರ್ಷ ದಾಟಿದ ಮೇಲೆ ಬಂದ ನಿದರ್ಶನಗಳಿಗೆ ಕೊರತೆಯಿಲ್ಲ. ಸಿಸ್ಟ್‌ನ ಗೋಡೆ ತೀರ ತೆಳು; ತೆಗೆಯುವಾಗ ಚೂರು ಹರಿದು ಉಳಿದರೂ, ಗೋಡೆಯ ಹೊರಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿ ಸಿಸ್ಟ್‌ಗಳು ಉಳಿದರೂ ಮತ್ತೆ ಬೆಳೆಯುತ್ತದೆ. ಅಲ್ಲದೆ ಸಿಂಡ್ರೋಮ್ ಇರುವವರಲ್ಲಿ ಹಳೆಯದು ಮರಳದಿದ್ದರೂ ಪಕ್ಕದಲ್ಲೇ ಹೊಸದು ಹುಟ್ಟಬಹುದು. ಈ ಸ್ವಭಾವದಿಂದಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ 2005ರಲ್ಲಿ ಇದನ್ನು ಗಡ್ಡೆಗಳ ಸಾಲಿಗೆ ಸೇರಿಸಿ, 2017ರಲ್ಲಿ ಮತ್ತೆ ಸಿಸ್ಟ್‌ಗಳ ಸಾಲಿಗೆ ತಂದರು. ಹೆಸರು ಯಾವುದಾದರೂ ನಿಗಾ ಇಡುವ ಕ್ರಮ ಬದಲಾಗುವುದಿಲ್ಲ.

ಉಪ್ಪಿನ ರುಚಿ ಎಂದರೆ ಎಲ್ಲೋ ಒಂದು ಕಡೆಯಿಂದ ದ್ರವ ಬಾಯಿಗೆ ಸೋರುತ್ತಿರಬಹುದು. ಈ ವಾರವೇ ಒಪಿಜಿ ತೆಗೆಸಿ, ಹಳೆಯ ಚಿತ್ರಗಳೊಡನೆ ದವಡೆ ಶಸ್ತ್ರಚಿಕಿತ್ಸಕರನ್ನು ಕಾಣಿ. ಅದರ ಜೊತೆಗೆ ಕೆಳತುಟಿ ಮರಗಟ್ಟಿದ್ದರೆ ಇನ್ನೂ ಬೇಗ ತೋರಿಸಿ. ಈ ಸಿಸ್ಟ್‌ನಲ್ಲಿ ಅದು ಸಾಮಾನ್ಯವಲ್ಲ, ಆದ್ದರಿಂದ ಬೇರೆ ಕಾರಣವನ್ನೂ ಹುಡುಕಬೇಕಾಗುತ್ತದೆ.

ಚಿಕ್ಕದಾಗಿ ಸಿಕ್ಕರೆ ಸಿಸ್ಟ್ ಅನ್ನು ಕಿತ್ತು, ಸುತ್ತಲಿನ ಮೂಳೆಯನ್ನು ಒಂದು ಪದರ ಉಜ್ಜಿ ತೆಗೆದರೆ ಸಾಕಾಗಬಹುದು. ಉಳಿದ ಕೋಶಗಳನ್ನು ಕೊಲ್ಲಲು ಆ ಕುಳಿಯೊಳಗೆ ಔಷಧದ ದ್ರಾವಣ ಸವರುವುದೂ ಉಂಟು. ದೊಡ್ಡದಾಗಿದ್ದರೆ ಮೊದಲು ಚಿಕ್ಕ ಕಿಟಕಿ ತೆರೆದು, ಒಂದು ನಳಿಕೆ ಹೊಲಿದು ಕೂರಿಸಿ, ರೋಗಿಯೇ ದಿನವೂ ಸಿರಿಂಜ್‌ನಿಂದ ಸಲೈನ್ ಹಾಯಿಸಿ ತೊಳೆದುಕೊಳ್ಳುವಂತೆ ಮಾಡುತ್ತಾರೆ. ಹೀಗೆ ತಿಂಗಳುಗಟ್ಟಲೆ ತೊಳೆದಾಗ ಒಳಗಿನ ಒತ್ತಡ ಇಳಿದು ಸಿಸ್ಟ್ ಕುಗ್ಗುತ್ತದೆ, ಸುತ್ತ ಮೂಳೆ ತುಂಬಿಕೊಳ್ಳುತ್ತದೆ; ಉಳಿದದ್ದನ್ನು ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯುತ್ತಾರೆ. ಹಲ್ಲು ಮತ್ತು ನರ ಉಳಿಯುವ ಈ ದಾರಿಗೆ ತಾಳ್ಮೆ ಬೇಕು, ದಿನ ತಪ್ಪಿಸದೆ ತೊಳೆಯುವ ಶಿಸ್ತು ಬೇಕು.

ಪ್ರಶ್ನೆ: ನನ್ನ ತಾಯಿಗೆ ದೊಡ್ಡ ಕರುಳಿನಲ್ಲಿ ಪಾಲಿಪ್ ಎಂಬ ಚಿಕ್ಕ ಗಂಟುಗಳು ನೂರಾರು ಇದ್ದು ಕರುಳನ್ನೇ ತೆಗೆದಿದ್ದಾರೆ. ಹದಿನೇಳು ವರ್ಷದ ನನ್ನ ಮಗನ ಕೆಳದವಡೆಯ ಮೂಲೆಯಲ್ಲಿ ಕಲ್ಲಿನಷ್ಟು ಗಟ್ಟಿಯಾದ, ನೋವಿಲ್ಲದ ಗಂಟು ಇದೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಉತ್ತರ: ಇರಬಹುದು, ಮತ್ತು ಇಲ್ಲಿ ನೋಟದ ದಿಕ್ಕು ತಿರುಗುತ್ತದೆ. ಕರುಳಿನಲ್ಲಿ ಪಾಲಿಪ್‌ಗಳು ತುಂಬುವ ಎಫ್‌ಎಪಿ ಎಂಬ ಕಾಯಿಲೆಗೆ ಎಪಿಸಿ ವಂಶವಾಹಿಯ ದೋಷ ಕಾರಣ. ಅದರ ಗಾರ್ಡ್ನರ್ ಎಂಬ ರೂಪದಲ್ಲಿ ದವಡೆ ಮತ್ತು ತಲೆಬುರುಡೆಯ ಮೇಲೆ ಆಸ್ಟಿಯೋಮಾ ಎಂಬ ಗಟ್ಟಿ ಮೂಳೆಗಂಟುಗಳು, ಹೆಚ್ಚುವರಿ ಹಲ್ಲುಗಳು, ಹೂತುಹೋದ ಹಲ್ಲುಗಳು ಕಾಣಿಸಿಕೊಳ್ಳುತ್ತವೆ, ಮತ್ತು ಇವು ಪಾಲಿಪ್‌ಗಳು ಪತ್ತೆಯಾಗುವುದಕ್ಕೆ ಮೊದಲೇ ಕಾಣಬಹುದು. ಕೆರಟೋಸಿಸ್ಟ್‌ಗಿಂತ ಭಿನ್ನವಾಗಿ ಆಸ್ಟಿಯೋಮಾ ತಾನೇ ಅಪಾಯಕಾರಿಯಲ್ಲ. ಬಾಯಿ ತೆರೆಯಲು ಅಡ್ಡಿಯಾದರೆ ಅಥವಾ ಮುಖದ ಆಕಾರ ಕೆಟ್ಟರೆ ಮಾತ್ರ ತೆಗೆಯುತ್ತಾರೆ. ಅಪಾಯವಿರುವುದು ಕರುಳಿನಲ್ಲಿ. ಈ ಕಾಯಿಲೆಯ ಕುಟುಂಬಗಳ ಮಕ್ಕಳಿಗೆ ಹತ್ತರಿಂದ ಹದಿನೈದರ ವಯಸ್ಸಿನಲ್ಲೇ ಕರುಳಿನ ಎಂಡೋಸ್ಕೋಪಿ ಶುರುಮಾಡಬೇಕು; ನಿಮ್ಮ ಮಗನಿಗೆ ಆಗಲೇ ತಡವಾಗಿದೆ. ನಿಮ್ಮ ತಾಯಿಯಿಂದ ನಿಮಗೆ, ನಿಮ್ಮಿಂದ ಮಗನಿಗೆ ದೋಷ ಬಂದಿರಬಹುದಾದ್ದರಿಂದ ನೀವಿಬ್ಬರೂ ಒಟ್ಟಿಗೆ ಪರೀಕ್ಷೆಗೆ ಹೋಗಿ.

ಮಗನ ದವಡೆಗೆ ಒಂದು ಒಪಿಜಿ ಸಾಕು. ಆದರೆ ಚಿತ್ರದಲ್ಲಿ ಗಂಟು ಮೂಳೆಯ ಮೇಲೆ ಕೂತಿರದೆ ಒಳಗೇ ಬೆಳೆದಿದ್ದು, ಬಿಳಿ ಕಪ್ಪು ಬೆರೆತಂತೆ ಕಂಡರೆ ಆಸಿಫೈಯಿಂಗ್ ಫೈಬ್ರೋಮಾ ಎಂಬ ಬೇರೆ ಗಡ್ಡೆಯನ್ನು ಯೋಚಿಸಬೇಕು. ಅದು ಒಂಟಿಯಾಗಿಯೂ ಬರುತ್ತದೆ; ಕೆಲವರಲ್ಲಿ ಮಾತ್ರ ಸಿಡಿಸಿ73 ವಂಶವಾಹಿಯ ದೋಷದಿಂದ, ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯ ಗಡ್ಡೆಯ ಜೊತೆಗೂಡಿ ಬರುತ್ತದೆ. ಆಗ ರಕ್ತದಲ್ಲಿ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನಿನ ಮಟ್ಟ ನೋಡಿದರೆ ದಾರಿ ತಿಳಿಯುತ್ತದೆ. ಈ ಪರೀಕ್ಷೆ ಸುಲಭವಾದ್ದರಿಂದ, ಒಪಿಜಿಯ ವರದಿ ಬಂದ ದಿನವೇ ಅದರ ಅಗತ್ಯವಿದೆಯೇ ಎಂದು ವೈದ್ಯರನ್ನು ಕೇಳಿ.